ಗೂಡು ಹಾಕಿದವರೇ ಬಿಚ್ಚಲಿ

ನಮ್ಮ ಸಾಮಿಲ್ಲಿಗೆ ಊರೊಳಗಿನ ಮರ ಬಂದರೆ ಮೊದಲು ತೊಗಟೆ ಕೆತ್ತಿ ಕಬ್ಬಿಣ ಹುಡುಕುತ್ತೇವೆ. ಕಾಡಿನ ದಿಮ್ಮಿಗೆ ಈ ತಪಾಸಣೆ ಅಷ್ಟಾಗಿ ಬೇಕಿಲ್ಲ. ರಸ್ತೆ ಬದಿಯ ಬೇವು, ಹೊಂಗೆ, ಮಳೆಮರಗಳೊಳಗೆ ಟ್ಯೂಷನ್ ಬೋರ್ಡಿನ ಮೊಳೆ, ಕೇಬಲ್ ತಂತಿ, ಬಟ್ಟೆ ಒಣಹಾಕಲು ಹೊಡೆದ ಕೊಕ್ಕೆ, ಏನು ಬೇಕಾದರೂ ಇರಬಹುದು. ಬ್ಲೇಡು ಒಂದು ಮೊಳೆಗೆ ತಾಗಿದರೂ ಹಲ್ಲು ಹಾರುತ್ತದೆ. ಬ್ಲೇಡಿನ ಮಾತು ಬಿಡಿ, ಬೇರೆ ತರಬಹುದು.

ಮೊಳೆ ಅಷ್ಟು ಆಳಕ್ಕೆ ಹೋಗಿದ್ದು ಹೇಗೆ ಎಂದು ಹಲಗೆ ಒಯ್ಯಲು ಬಂದವರು ಕೇಳುತ್ತಾರೆ. ಅದು ಎಲ್ಲಿಗೂ ಹೋಗಲಿಲ್ಲ, ಮರವೇ ಅದರಾಚೆಗೆ ದಪ್ಪವಾಯಿತು. ಐದಡಿಯಲ್ಲಿ ಹೊಡೆದ ಮೊಳೆ ಎಷ್ಟು ವರ್ಷವಾದರೂ ಐದಡಿಯಲ್ಲೇ ಇರುತ್ತದೆ. ಮರ ಉದ್ದವಾಗುವುದು ತುದಿಯಲ್ಲಿ. ದಪ್ಪವಾಗುವುದು ತೊಗಟೆಯ ಕೆಳಗಿನ ಕ್ಯಾಂಬಿಯಂ ಎಂಬ ಪದರದಿಂದ. ಹಸಿಮರದ ತೊಗಟೆ ಸುಲಿದಾಗ ಬೆರಳಿಗೆ ಲೋಳೆಲೋಳೆಯಾಗಿ ಹತ್ತುವುದು ಅಲ್ಲಿಯೇ. ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಆ ಪದರ ಒಳಬದಿಗೆ ಕಟ್ಟಿಗೆ, ಹೊರಬದಿಗೆ ಒಳತೊಗಟೆ ಕೂಡಿಸುತ್ತ ಹೋಗುತ್ತದೆ. ಹೊಸ ಕಟ್ಟಿಗೆಯಲ್ಲಿ ಬೇರಿನ ನೀರು ಮೇಲೇರುತ್ತದೆ, ಒಳತೊಗಟೆಯಲ್ಲಿ ಎಲೆಯ ಸಕ್ಕರೆ ಬೇರಿಗಿಳಿಯುತ್ತದೆ. ಹಳೆಯ ಕಟ್ಟಿಗೆ ನೀರು ಸಾಗಿಸುವುದನ್ನು ಬಿಟ್ಟು, ಬಣ್ಣ ತಿರುಗಿ ಚೇಗಾಗುತ್ತದೆ. ಬಾಗಿಲಿಗೆಂದು ನೀವು ಆರಿಸಿ ಒಯ್ಯುವ ತೇಗದ ಕಂದು ಭಾಗ ಮರ ನಿಂತಿದ್ದಾಗಲೇ ಸತ್ತದ್ದು. ಪೊಟರೆ ಬಿದ್ದ ಹುಣಸೆಮರ ವರ್ಷ ವರ್ಷ ಕಾಯಿ ಬಿಡುವ ಗುಟ್ಟೂ ಅದೇ. ಟೊಳ್ಳಾದ ಮರ ಬದುಕುತ್ತದೆ, ಸುತ್ತಲೂ ತೊಗಟೆ ಕಳಕೊಂಡದ್ದು ಬದುಕುವುದು ಕಷ್ಟ. ಬರ್ಮಾದ ತೇಗದ ಕಾಡುಗಳಲ್ಲಿ ಕಡಿಯುವ ಮೊದಲು ಕಾಂಡದ ಸುತ್ತ ಚೇಗಿನವರೆಗೆ ಕಚ್ಚು ಹಾಕಿ, ಮರವನ್ನು ನಿಂತಲ್ಲೇ ಒಣಗಿಸುತ್ತಿದ್ದರು, ದಿಮ್ಮಿ ನದಿಯಲ್ಲಿ ತೇಲಲಿ ಎಂದು.

(ಅಡಿಕೆ, ತೆಂಗಿಗೆ ಈ ಪದರವೇ ಇಲ್ಲ. ಅಡಿಕೆ ಮರ ಮುಗಿಲು ಮುಟ್ಟಿದರೂ ಸೊಂಟ ದಪ್ಪವಾಗದಿರುವುದು ಅದಕ್ಕೇ.)

ಈಗ ಟ್ರೀ ಗಾರ್ಡ್ ನೋಡಿ. ಸಸಿ ನೆಟ್ಟ ದಿನ ಫೋಟೊ, ಭಾಷಣ, ದಾನಿಗಳ ಹೆಸರು ಬರೆದ ಕಬ್ಬಿಣದ ಗೂಡು. ದನ, ಮೇಕೆ ಬಾಯಿ ಹಾಕದಿರಲಿ ಎಂದು ಹಾಕಿದ್ದು ಸರಿಯೇ. ಬಿಚ್ಚುವುದು ಮಾತ್ರ ಯಾರ ಕೆಲಸವೂ ಅಲ್ಲ. ಹೋದ ಮಳೆಗಾಲದಲ್ಲಿ ಗಾಳಿಗೆ ಬಿದ್ದ ಹೊಂಗೆಯೊಂದು ನಮ್ಮಲ್ಲಿಗೆ ಬಂತು. ಗೂಡಿನ ಪಟ್ಟಿ ಕಾಂಡದೊಳಗೆ ಹುಗಿದುಹೋಗಿತ್ತು. ಅದರ ಮೇಲುಗಡೆ ಕಾಂಡ ಉಬ್ಬಿತ್ತು, ಕೆಳಗಡೆ ಸಣಕಲು. ಇಳಿಯಬೇಕಿದ್ದ ಸಕ್ಕರೆ ಅಲ್ಲೇ ತಡೆದು ನಿಂತಿದ್ದರ ಗುರುತು. ಮರ ಮುರಿದದ್ದೂ ಸರಿಯಾಗಿ ಅಲ್ಲಿಯೇ. ಒಳಗೆ ತುಕ್ಕಿನ ಸುತ್ತ ಕಟ್ಟಿಗೆಯೆಲ್ಲ ಕಪ್ಪು. ಮರದ ಒಗರಿಗೆ ಕಬ್ಬಿಣ ಸೇರಿದರೆ ಹಾಗಾಗುತ್ತದೆ. ಹಿಂದೆ ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಊರಿನವರು ಬಿರುಗಾಳಿಯನ್ನು ಬೈದರು. ನನಗೆ ಗಾಳಿಯ ತಪ್ಪು ಕಾಣಲಿಲ್ಲ.

1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಊರೊಳಗೆ ಮರ ಕಡಿಯಲು ಅನುಮತಿ ಬೇಕು. ಕೊರಳಿಗೆ ಪಟ್ಟಿ ಬಿಗಿಯುವವರು, ಬುಡಕ್ಕೆ ಕಾಂಕ್ರೀಟ್ ಸುರಿಯುವವರು ಯಾರನ್ನು ಕೇಳುತ್ತಾರೆ? ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಬೇಕಾಯಿತು. ನಮ್ಮ ನಗರಸಭೆ, ಪುರಸಭೆಗಳು ಹೇಳಿಸಿಕೊಳ್ಳುವವರೆಗೆ ಕಾಯಬೇಕಿಲ್ಲ. ಟ್ರೀ ಗಾರ್ಡ್ ಟೆಂಡರಿನಲ್ಲೇ ಅದನ್ನು ಬಿಚ್ಚುವ ಖರ್ಚು, ಬಿಚ್ಚುವ ವರ್ಷ ಬರೆಯಲಿ. ಬಿಚ್ಚಿದ ಗೂಡು ಮುಂದಿನ ಸಸಿಗಾದೀತು.

ಈ ಸಲ ಸಸಿ ನೆಡಲಿರುವ ಸಂಘ ಸಂಸ್ಥೆಯವರಲ್ಲಿ ಒಂದೇ ಕೋರಿಕೆ. ಬೆಸುಗೆ ಹಾಕಿದ ಗೂಡು ತರಬೇಡಿ, ನಟ್ಟು ಬೋಲ್ಟಿನದ್ದು ತನ್ನಿ. ಬಿಚ್ಚಲು ಒಂದು ಸ್ಪ್ಯಾನರ್ ಸಾಕು.