ವಸಯಿಯ ಗಂಟೆಗಳು

ಭೀಮೆಯ ನೀರನ್ನು ಬಳಸುವ ನಮ್ಮ ಮನೆಗಳಿಗೆ ಆ ನದಿ ಹುಟ್ಟುವ ಭೀಮಾಶಂಕರವು ಅಪರಿಚಿತ ಕ್ಷೇತ್ರವಲ್ಲ. ಪಂಢರಪುರವನ್ನು ಮುಟ್ಟಿ, ಸೊಲ್ಲಾಪುರ ಜಿಲ್ಲೆಯ ಹೊಲಗಳಿಗೆ ನೀರುಣಿಸಿ, ಮುಂದೆ ಕರ್ನಾಟಕವನ್ನು ಸೇರುವ ಈ ನದಿಯ ಉಗಮದಲ್ಲಿ ಜ್ಯೋತಿರ್ಲಿಂಗದ ದರ್ಶನ ಪಡೆದು ಬಂದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಗುಡಿಯ ಮುಂದೆ ತೂಗುವ ದೊಡ್ಡ ಗಂಟೆಯನ್ನೂ ಅವರು ಕಂಡಿರಬಹುದು. ಆದರೆ ಅದರ ಮೈಮೇಲೆ ಬಾಲಯೇಸುವನ್ನು ಎತ್ತಿಕೊಂಡ ಮೇರಿಮಾತೆಯ ರೂಪವಿದೆಯೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಶಿವಾಲಯದ ಗಂಟೆಗೆ ಈ ಮುದ್ರೆ ಬಂದ ಬಗೆಯನ್ನು ಈ ತಿಂಗಳು ನಿವೇದಿಸುತ್ತೇವೆ.

ಮುಂಬಯಿಯ ಉತ್ತರಕ್ಕಿರುವ ವಸಯಿ ಪ್ರಾಂತವು 1534ರಲ್ಲಿ ಪೋರ್ಚುಗೀಸರ ವಶವಾಯಿತು. ಎರಡು ಶತಮಾನಗಳ ಅವಧಿಯಲ್ಲಿ ಕೋಟೆಯೊಳಗೂ ಸುತ್ತಣ ಹಳ್ಳಿಗಳಲ್ಲೂ ಇಗರ್ಜಿಗಳು ಎದ್ದವು. ಹಳ್ಳಿಯ ಇಗರ್ಜಿಗೆ ಗಂಟೆಯೇ ನಾಲಿಗೆ. ಬೆಳಗು, ನಡುಹಗಲು, ಸಂಜೆ ಹೀಗೆ ಮೂರು ಹೊತ್ತಿನ ಪ್ರಾರ್ಥನೆಗೆ ಅದು ಜನರನ್ನು ಎಚ್ಚರಿಸುತ್ತಿತ್ತು. ಹಬ್ಬಕ್ಕೆ ಒಂದು ಬಗೆಯಲ್ಲಿ, ಸಾವಿಗೆ ಇನ್ನೊಂದು ಬಗೆಯಲ್ಲಿ ಮೊಳಗುತ್ತಿತ್ತು. ಗಡಿಯಾರವಿಲ್ಲದ ಮನೆಯವರು ಹೊಲದ ಕೆಲಸವನ್ನೂ ಒಲೆಯ ಕೆಲಸವನ್ನೂ ಅದರ ದನಿಯಿಂದಲೇ ಅಳೆಯುತ್ತಿದ್ದರು.

1739ರಲ್ಲಿ ಮೊದಲನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪನು ವಸಯಿಯ ಕೋಟೆಗೆ ಮುತ್ತಿಗೆ ಹಾಕಿದನು. ಫೆಬ್ರವರಿಯಿಂದ ಮೇ ತಿಂಗಳವರೆಗೆ ನಡೆದ ಘೋರ ಕಾಳಗದಲ್ಲಿ ಉಭಯ ಪಕ್ಷಗಳಲ್ಲೂ ಅಪಾರ ಪ್ರಾಣಹಾನಿಯಾಗಿ, ಕೊನೆಗೆ ಕೋಟೆಯು ಶರಣಾಯಿತು. ಗೆದ್ದ ಮರಾಠರು ಇಗರ್ಜಿಗಳ ಗಂಟೆಗಳನ್ನು ವಿಜಯದ ಕುರುಹಾಗಿ ಘಟ್ಟದ ಮೇಲಕ್ಕೆ ಒಯ್ದರು.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಗಂಟೆಯ ಲೋಹವು ತಾಮ್ರ ಮತ್ತು ತವರ ಬೆರೆತ ಕಂಚು. ಅಂದಿನ ಫಿರಂಗಿಯ ಲೋಹವೂ ಬೇರೆ ಪ್ರಮಾಣದ ಕಂಚೇ. ಆದ್ದರಿಂದ ಯುದ್ಧಕಾಲದಲ್ಲಿ ಗಂಟೆಗಳು ಕುಲುಮೆಯ ಪಾಲಾಗುವುದು ಲೋಕದಲ್ಲಿ ಹೊಸದಲ್ಲ. ನಾರ್ವಾದ ಸೋಲಿನ ತರುವಾಯ ರಷ್ಯದ ಮಹಾ ಪೀಟರನು ಫಿರಂಗಿಗಳಿಗಾಗಿ ತನ್ನ ನಾಡಿನ ಇಗರ್ಜಿಗಳ ಗಂಟೆಗಳನ್ನೇ ಇಳಿಸಿದನು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಲಕ್ಷಕ್ಕೂ ಮಿಕ್ಕಿದ ಗಂಟೆಗಳು ಕರಗಿಹೋದವು. ವಸಯಿಯ ಈ ಗಂಟೆಗಳಿಗಾದರೋ ಬೇರೆ ಗತಿ ಒದಗಿತು. ಅವು ದೇವರ ಮನೆಯಿಂದ ಹೊರಟು ಮತ್ತೆ ದೇವರ ಮನೆಯನ್ನೇ ಸೇರಿದವು.

ಪುಣೆಯ ದಕ್ಷಿಣಕ್ಕಿರುವ ನಸರಾಪುರದ ಬನೇಶ್ವರದಲ್ಲಿ 1683ರ ಗಂಟೆಯೊಂದಿದೆ. ವಾಯಿಯ ಸಮೀಪ, ಕೃಷ್ಣಾತೀರದ ಮೇಣವಲಿಯಲ್ಲಿ ನಾನಾ ಫಡ್ನವೀಸನ ವಾಡೆಯಿದೆ. ಅದರ ಹಿಂದಣ ಘಾಟಿನಲ್ಲಿ, ಕಲ್ಲಿನ ಚಿಕ್ಕ ಮಂಟಪದೊಳಗೆ 1707ರ ಗಂಟೆ ತೂಗುತ್ತದೆ. ನಾಸಿಕದ ಗೋದಾವರಿಯ ದಡದಲ್ಲಿ 1747ರಲ್ಲಿ ಕಟ್ಟಿದ ನಾರೋಶಂಕರ ದೇವಾಲಯದ ಗಂಟೆಯ ಮೇಲೆ 1721 ಎಂಬ ವರ್ಷವಿದೆ. ಪ್ರವಾಹದ ನೀರು ಈ ಗಂಟೆಯನ್ನು ಮುಟ್ಟಿತೆಂದರೆ ಮಹಾಪೂರವೆಂದೇ ಅಲ್ಲಿಯ ಜನ ಲೆಕ್ಕ ಹಾಕುತ್ತಾರೆ. ಹೀಗೆ ಕಡಲ ತಡಿಯ ಗಂಟೆಗಳು ಮೂರು ಮಹಾನದಿಗಳ ತೀರವಾಸಿಗಳಾದವು.

ಇದನ್ನು ಕೇವಲ ಸಾಮರಸ್ಯದ ಕತೆಯೆಂದು ಬಣ್ಣಿಸಿದರೆ ಸತ್ಯಕ್ಕೆ ಅಪಚಾರವಾದೀತು. ಒಂದು ಊರಿನ ಗೆಲವು ಇನ್ನೊಂದು ಊರಿನ ಮೌನವಾಗಿತ್ತು. ಗಂಟೆ ಹೋದ ಹಳ್ಳಿಯಲ್ಲಿ ಆ ಸಂಜೆ ಹೊತ್ತನ್ನು ತಿಳಿಸುವವರಾರು? ಸತ್ತವರಿಗಾಗಿ ಮೊಳಗುವುದೇನು? ವಸಯಿಯ ಕ್ರೈಸ್ತ ಕುಟುಂಬಗಳು ಮಾತ್ರ ತಮ್ಮ ಶ್ರದ್ಧೆಯನ್ನು ಬಿಡಲಿಲ್ಲ. ಅಲ್ಲಿಯ ಹಳ್ಳಿಗಳಲ್ಲಿ ಇಂದಿಗೂ ಇಗರ್ಜಿಗಳಿವೆ, ಅವುಗಳ ಗಂಟೆಗಳೂ ಮೊಳಗುತ್ತಿವೆ. ಇತ್ತ ಗುಡಿಗಳವರೂ ಗಂಟೆಯ ಮೇಲಣ ಮೂರ್ತಿಯನ್ನು ಉಜ್ಜಿ ಅಳಿಸಲಿಲ್ಲ, ವರ್ಷವನ್ನು ಕೆತ್ತಿ ತೆಗೆಯಲಿಲ್ಲ. ಆ ಔದಾರ್ಯದಿಂದಲೇ ಗಂಟೆಯು ತನ್ನ ತವರನ್ನು ತಾನೇ ಹೇಳಬಲ್ಲುದಾಗಿದೆ.

ನಮ್ಮ ಊರುಗಳ ಗುಡಿ, ಮಠ, ಇಗರ್ಜಿಗಳಲ್ಲೂ ಹಳೆಯ ಗಂಟೆಗಳಿವೆ. ಅವುಗಳ ಅಂಚಿನಲ್ಲಿ ದಾನಿಯ ಹೆಸರೋ ಇಸವಿಯೋ ಇದ್ದೀತು. ಬಣ್ಣ ಬಳಿಯುವ ಮೊದಲು, ಬಿರುಕು ಬಿಟ್ಟಿತೆಂದು ಹೊಸ ಎರಕಕ್ಕೆ ಕೊಡುವ ಮೊದಲು, ಮನೆಯ ಮಕ್ಕಳಿಂದ ಆ ಅಕ್ಷರಗಳನ್ನು ಓದಿಸಿ ಬರೆದಿಡಿರಿ. ಕರಗಿದ ಕಂಚು ಮತ್ತೆ ಗಂಟೆಯಾದೀತು. ಕರಗಿದ ಅಕ್ಷರ ಮರಳಿ ಬಾರದು.