ಯಕೃತ್ತಿನ ರೋಗಕ್ಕೆ ವಂಶವಾಹಿಯೊಂದೇ ಹೊಣೆಯಲ್ಲ

ಭಾರತೀಯರ ಜೀನೋಮ್ ಮಾಹಿತಿ ಸಂಶೋಧಕರಿಗೆ ಮುಕ್ತವಾದದ್ದು 2025ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. 2020ರಲ್ಲಿ ಆರಂಭವಾದ 'ಜೀನೋಮ್ ಇಂಡಿಯಾ' ಯೋಜನೆಯಲ್ಲಿ ದೇಶದ 20 ಸಂಸ್ಥೆಗಳು ಕೈಜೋಡಿಸಿದ್ದವು. ಅವುಗಳನ್ನು ಸಮನ್ವಯಗೊಳಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಇಷ್ಟೆಲ್ಲ ಶ್ರಮದಿಂದ ಸಾಮಾನ್ಯ ರೋಗಿಗೆ ದಕ್ಕುವುದೇನು? ಹೆಚ್ಚು ಚರ್ಚೆಗೆ ಬಾರದ ಆಟೋಇಮ್ಯೂನ್ ಹೆಪಟೈಟಿಸ್ ಎಂಬ ಕಾಯಿಲೆಯನ್ನು ಒರೆಗಲ್ಲಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ದಾಳಿ ನಡೆಸುವ ಸ್ಥಿತಿಯಿದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರಾಮ್ 1950ರಲ್ಲಿ ಯುವತಿಯರಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಇಂದಿಗೂ ಪೀಡಿತರಲ್ಲಿ ಸುಮಾರು ಮುಕ್ಕಾಲು ಪಾಲು ಮಹಿಳೆಯರೇ. ಮದ್ಯಪಾನ ಇದಕ್ಕೆ ಕಾರಣವಲ್ಲ. ಆದರೂ 'ಲಿವರ್ ಕಾಯಿಲೆ' ಎಂದೊಡನೆ ಕುಡಿತದತ್ತ ಬೊಟ್ಟು ಮಾಡುವ ಸಮಾಜ ನಮ್ಮದು. ಆಯಾಸ, ಕೀಲುನೋವು, ಕೆಲವೊಮ್ಮೆ ಕಾಮಾಲೆಯಂತಹ ಸಾಮಾನ್ಯ ಲಕ್ಷಣಗಳ ಹಿಂದೆ ರೋಗ ಅಡಗಿರುತ್ತದೆ. ಪತ್ತೆಯಾಗುವ ಹೊತ್ತಿಗೆ ಸುಮಾರು ಮೂವರಲ್ಲಿ ಒಬ್ಬರ ಯಕೃತ್ತು ಸಿರೋಸಿಸ್ ಹಂತವನ್ನು ತಲುಪಿರುತ್ತದೆ.

ಒಲವು ಬೇರೆ, ರೋಗ ಬೇರೆ

ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿದೆ. ಪ್ರೋಟೀನಿನ ತುಣುಕುಗಳನ್ನು ಎತ್ತಿ ಹಿಡಿದು ಬಿಳಿ ರಕ್ತಕಣಗಳಿಗೆ ತೋರಿಸುವ ಅಣುಗಳ ರಚನೆಯನ್ನು ನಿರ್ಧರಿಸುವುದು ಈ ಗುಂಪೇ. ತನ್ನದಾವುದು, ಪರಕೀಯವಾವುದು ಎಂಬ ತೀರ್ಮಾನ ಆರಂಭವಾಗುವುದು ಇಲ್ಲಿಂದ. ನೆದರ್ಲೆಂಡ್ಸಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 649 ರೋಗಿಗಳ ಜೀನೋಮನ್ನು 13 ಸಾವಿರಕ್ಕೂ ಹೆಚ್ಚು ಮಂದಿಯ ಜೀನೋಮಿನೊಂದಿಗೆ ಹೋಲಿಸಿದರು. ರೋಗದೊಂದಿಗೆ ಅತ್ಯಂತ ನಿಕಟ ನಂಟು ಕಂಡುಬಂದದ್ದು ಈ ಗುಂಪಿನ ಡಿಆರ್3 ಎಂಬ ರೂಪದಲ್ಲಿ.

ಹಾಗೆಂದು ಡಿಆರ್3 ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಯುರೋಪಿನಲ್ಲಿ ಅದನ್ನು ಹೊತ್ತ ಆರೋಗ್ಯವಂತರು ಅಸಂಖ್ಯರಿದ್ದಾರೆ. ರೋಗ ಬರುವುದು ಮಾತ್ರ ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಿಗೆ. 1999ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಎಚ್‌ಎಲ್‌ಎ ಪರೀಕ್ಷೆಗೆ ಅಂಕವಿತ್ತು. 2008ರ ಸರಳೀಕೃತ ಮಾನದಂಡ ಅದನ್ನು ಕೈಬಿಟ್ಟು ಪ್ರತಿಕಾಯಗಳ ಪರೀಕ್ಷೆ, ರಕ್ತದ ಐಜಿಜಿ ಪ್ರಮಾಣ ಮತ್ತು ಬಯಾಪ್ಸಿಗಳಿಗೆ ಆದ್ಯತೆ ನೀಡಿತು. ವೈರಸ್ ಸೋಂಕಿಲ್ಲವೆಂಬುದೂ ಖಚಿತವಾಗಬೇಕು.

ವಿಲ್ಸನ್ ಕಾಯಿಲೆಯ ಸಂಗತಿ ಬೇರೆ. ದೇಹದಲ್ಲಿ ತಾಮ್ರ ಸಂಚಯವಾಗಿ ಯಕೃತ್ತು ಕೆಡುವ ಈ ಕಾಯಿಲೆ, ತಂದೆ-ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ರೂಢಿಯಿರುವ ಕುಟುಂಬಗಳಲ್ಲಿ ಅದರ ಅಪಾಯ ಹೆಚ್ಚು. ಹೊರನೋಟಕ್ಕೆ ಎರಡೂ ಒಂದೇ ರೀತಿ ತೋರಬಹುದಾದ್ದರಿಂದ ಎಳೆಯ ವಯಸ್ಸಿನ ರೋಗಿಗಳಲ್ಲಿ ವಿಲ್ಸನ್ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ಈ ಭೇದವರಿಯದೆ 'ವಂಶದ ಕಾಯಿಲೆ' ಎಂಬ ಹಣೆಪಟ್ಟಿ ಅಂಟಿಸಿದರೆ, ಆ ಮನೆಯ ಹೆಣ್ಣುಮಕ್ಕಳ ಮದುವೆಗೇ ಕುತ್ತು ಬಂದೀತು.

ಕಿಡಿ ಎಲ್ಲಿಂದ?

ಒಣಹುಲ್ಲು ಇದ್ದ ಮಾತ್ರಕ್ಕೆ ಬೆಂಕಿ ಹೊತ್ತದು, ಕಿಡಿಯೂ ಬೇಕು. ಮೂತ್ರನಾಳದ ಸೋಂಕಿಗೆ ನೀಡುವ ನೈಟ್ರೋಫ್ಯುರಾಂಟಾಯಿನ್, ಮೊಡವೆಗೆ ನೀಡುವ ಮಿನೊಸೈಕ್ಲಿನ್ ಔಷಧಗಳು ಕೆಲವರಲ್ಲಿ ಇಂತಹುದೇ ಯಕೃತ್ತಿನ ಉರಿಯೂತಕ್ಕೆ ಕಾರಣವಾಗುವುದು ದಾಖಲಾಗಿದೆ. ಕೋವಿಡ್ ಕಾಲದಲ್ಲಿ ಈ ಪಟ್ಟಿಗೆ ನಮ್ಮ ಹಿತ್ತಲಿನ ಅಮೃತಬಳ್ಳಿಯೂ ಸೇರಿತು. ಮುಂಬಯಿಯ ವೈದ್ಯರು 2021ರಲ್ಲಿ ಅದನ್ನು ಸೇವಿಸಿದ್ದ ಆರು ಮಂದಿಯ ವಿವರ ಪ್ರಕಟಿಸಿದರು. 2022ರಲ್ಲಿ ದೇಶದ 13 ಕೇಂದ್ರಗಳು 43 ಪ್ರಕರಣಗಳನ್ನು ವರದಿ ಮಾಡಿದವು. ಹುದುಗಿದ್ದ ಆಟೋಇಮ್ಯೂನ್ ಕಾಯಿಲೆಯನ್ನು ಈ ಬಳ್ಳಿ ಬಡಿದೆಬ್ಬಿಸಬಲ್ಲದು ಎಂಬುದು ಅವರ ಅಭಿಪ್ರಾಯ. ಆಯುಷ್ ಸಚಿವಾಲಯ 2021ರಲ್ಲೇ ಮೊದಲ ವರದಿಯನ್ನು ತಳ್ಳಿಹಾಕಿ, ಅದೇ ಜಾತಿಯ ಬೇರೊಂದು ಬಳ್ಳಿಯ ಬಳಕೆಯಾಗಿರಬಹುದೆಂದು ವಾದಿಸಿತು.

ವಾದವೇನೇ ಇರಲಿ, ರೋಗನಿರೋಧಕ ಶಕ್ತಿಯೇ ಹಾದಿತಪ್ಪಿರುವ ದೇಹದಲ್ಲಿ ಅದನ್ನು ಮತ್ತಷ್ಟು ಕೆರಳಿಸುವುದು ವಿವೇಕವಲ್ಲ. 'ಇಮ್ಯುನಿಟಿ ಬೂಸ್ಟರ್' ಮಾರುವವರು ಈ ಮಾತನ್ನು ಪೊಟ್ಟಣದ ಮೇಲೆ ಬರೆಯುವಂತಾಗಬೇಡವೇ?

ಪರರ ಲೆಕ್ಕ ನಮಗೆ ಸಾಲದು

ಯುರೋಪಿನಲ್ಲಿ ಡಿಆರ್3 ಮತ್ತು ಡಿಆರ್4, ಜಪಾನಿನಲ್ಲಿ ಡಿಆರ್4, ದಕ್ಷಿಣ ಅಮೆರಿಕದಲ್ಲಿ ಡಿಆರ್13 — ಒಂದೇ ರೋಗಕ್ಕೆ ನಾಡಿನಿಂದ ನಾಡಿಗೆ ಬೇರೆ ಬೇರೆ ನಂಟು. ಭಾರತೀಯರ ಕುರಿತು ಇದೇ ಪ್ರಮಾಣದ ಅಧ್ಯಯನವಾಗಬೇಕಿದೆ.

ಇದು ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ಸ್ಟೀರಾಯ್ಡ್ ಮತ್ತು ಅಜಥಯೊಪ್ರಿನ್ ಈ ರೋಗಕ್ಕಿರುವ ಹಳೆಯ, ಅಗ್ಗದ ಚಿಕಿತ್ಸೆ. ಬಹುಪಾಲು ರೋಗಿಗಳು ಇದಕ್ಕೆ ಸ್ಪಂದಿಸುತ್ತಾರೆ. ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವುದೇ ಹೆಚ್ಚು. ಆದರೆ ಅಜಥಯೊಪ್ರಿನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸುತ್ತದೆ. ಪಾಶ್ಚಾತ್ಯರು ಇದನ್ನು ಮುಂಗಾಣಲು ಟಿಪಿಎಂಟಿ ಪರೀಕ್ಷೆಯನ್ನು ಅವಲಂಬಿಸಿದ್ದರು. ಏಷ್ಯನ್ನರಲ್ಲಿ ಹೆಚ್ಚು ಮುಖ್ಯವಾದದ್ದು ಎನ್‌ಯುಡಿಟಿ15 ಎಂಬ ಇನ್ನೊಂದು ವಂಶವಾಹಿಯೆಂದು 2014ರಲ್ಲಿ ತೋರಿಸಿದ್ದು ಕೊರಿಯಾದ ರೋಗಿಗಳ ಅಧ್ಯಯನ. ಯುರೋಪಿಯನ್ನರಲ್ಲಿ ವಿರಳವಾದ ಅದರ ದೋಷ ಭಾರತೀಯರಲ್ಲಿ ಅಪರೂಪವೇನಲ್ಲ. ಪರರ ಲೆಕ್ಕವನ್ನೇ ನಂಬಿ ಕುಳಿತರೆ ಅಪಾಯಕ್ಕೀಡಾಗುವವರು ನಮ್ಮ ರೋಗಿಗಳು.

ಜೀನೋಮ್ ಇಂಡಿಯಾ ಕಲೆಹಾಕಿರುವುದು ಸುಮಾರು ಹತ್ತು ಸಾವಿರ ಆರೋಗ್ಯವಂತರ ಮಾಹಿತಿ. ಹೋಲಿಕೆಗೆ ಬೇಕಾದ ಒಂದು ತಟ್ಟೆ ತುಂಬಿದೆ. ರೋಗಿಗಳ ತಟ್ಟೆಯನ್ನೂ ತುಂಬಬೇಕು. ಅದಕ್ಕೆ ಯಕೃತ್ ರೋಗಿಗಳ ವ್ಯವಸ್ಥಿತ ನೋಂದಣಿ ಆಗಬೇಕು. ಅಜಥಯೊಪ್ರಿನ್ ಆರಂಭಿಸುವ ಮುನ್ನ ಎನ್‌ಯುಡಿಟಿ15 ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲೂ ದೊರೆಯಬೇಕು. ಈ ಯೋಜನೆಯನ್ನು ಮುನ್ನಡೆಸಿದ ಬೆಂಗಳೂರಿಗೆ ಮುಂದಿನ ಹೆಜ್ಜೆ ಅಸಾಧ್ಯವೇನಲ್ಲ. ಅಲ್ಲಿಯವರೆಗೆ, ಕಾಮಾಲೆಗೆ ಎಲೆಮದ್ದು ಕುಡಿದು ಕಾಯುತ್ತ ಕೂರುವ ಬದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.