ನಂಬರು ಓದಿದವರು ನೆಲವನ್ನೂ ಓದಲಿ

2017ರ ಮೇ ತಿಂಗಳಲ್ಲಿ 'ಕಾಲಾ' ಚಿತ್ರದ ಪೋಸ್ಟರು ಹೊರಬಂತು. ಹಿಂದೆ ಧಾರಾವಿ, ಮುಂದೆ ಜೀಪಿನ ಮೇಲೆ ಕೂತ ರಜನೀಕಾಂತ್, ಪಕ್ಕದಲ್ಲೊಂದು ನಾಯಿ. ಜಗತ್ತು ರಜನಿಯ ಗತ್ತು ನೋಡಿತು. ನಮ್ಮವರ ಕಣ್ಣು ಬಿದ್ದದ್ದು ಜೀಪಿನ ನಂಬರ್ ಪ್ಲೇಟಿನ ಮೇಲೆ. ಎಂಎಚ್ 01 ಬಿಆರ್ 1956.

ಎಂಎಚ್ 01 ಅಂದ್ರೆ ಮುಂಬಯಿ. ಬಿಆರ್ ಅಂದ್ರೆ ಯಾರು ಅಂತ ನಮ್ಮ ಕೇರಿಯ ಮಕ್ಕಳನ್ನು ಕೇಳಿ, ಹೇಳ್ತಾವೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಹಿಂದೂ ಧರ್ಮ ತೊರೆದು ಬುದ್ಧನ ಕಡೆ ನಡೆದರು. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, ನಮ್ಮನ್ನು ಬಿಟ್ಟು ಹೋದರು. ಒಂದು ತಗಡಿನ ಮೇಲೆ ಇಷ್ಟು ಬರೆದಿದೆ ಎಂದು ನಾವು ಓದಿದೆವು.

ಓದಿದ್ದೇ ತಡ, ಕೆಲವು ಬುದ್ಧಿವಂತರಿಗೆ ಮೈ ಉರಿಯಿತು. 'ಅದೊಂದು ನಂಬರು ಕಣ್ರೀ, ಸಿನಿಮಾದಲ್ಲೂ ಜಾತಿ ಹುಡುಕ್ತೀರಲ್ಲ' ಅಂದರು. ಸ್ವಾಮೀ, ಸಿನಿಮಾ ಸೆಟ್ಟಿಗೆ ಯಾವ ವಸ್ತುವೂ ತಾನಾಗಿ ನಡೆದು ಬರೋದಿಲ್ಲ. ಯಾರೋ ತಂದು ಇಟ್ಟಿರ್ತಾರೆ. ಇದೇ ನಿರ್ದೇಶಕ ಪಾ. ರಂಜಿತ್ ಅವರ 'ಕಬಾಲಿ'ಯಲ್ಲಿ (2016) ನಾಯಕ ಜೈಲಿನಲ್ಲಿ ಓದುತ್ತಾ ಕೂತದ್ದು ವೈ.ಬಿ. ಸತ್ಯನಾರಾಯಣ ಅವರ 'ಮೈ ಫಾದರ್ ಬಾಲಯ್ಯ', ತೆಲುಗು ಸೀಮೆಯ ಒಂದು ಮಾದಿಗ ಕುಟುಂಬದ ಕಥೆ. 2018ರಲ್ಲಿ ತೆರೆಗೆ ಬಂದ 'ಕಾಲಾ'ದ ನಾಯಕನ ಮನೆಯಲ್ಲಿ ಕಾಣುವುದು 'ರಾವಣ ಕಾವಿಯಂ', 1948ರಿಂದ 1971ರವರೆಗೆ ಸರ್ಕಾರ ನಿಷೇಧಿಸಿಟ್ಟಿದ್ದ ತಮಿಳು ಕಾವ್ಯ. ಪುಸ್ತಕ ಎರಡೂ ಲೆಕ್ಕಹಾಕಿ ಇಟ್ಟದ್ದು, ನಂಬರು ಮಾತ್ರ ಗಾಳಿಗೆ ಹಾರಿ ಬಂದದ್ದೇ?

ನೂರಾರು ಚಿತ್ರಗಳಲ್ಲಿ ನಾಯಕನ ಮನೆಯ ಗೋಡೆ ತುಂಬ ದೇವರ ಪಟ, ಗೌಡರ ತೊಟ್ಟಿಮನೆ, ತಾತನ ಮೀಸೆ, ಗೂಟದಲ್ಲಿ ಕೋವಿ. ಅದನ್ನು ಯಾರೂ ಜಾತಿ ಅನ್ನಲಿಲ್ಲ, ಸಂಸ್ಕೃತಿ ಅಂದರು. ನಮ್ಮದು ಒಂದು ಅಂಗೈ ಅಗಲದ ತಗಡು ಕಂಡ ಕೂಡಲೇ ಜಾತಿ ನೆನಪಾಯಿತು.

ಸಣ್ಣ ಗುರುತು ಅಂತ ಅಸಡ್ಡೆ ಮಾಡುವವರು ಇದನ್ನೂ ಕೇಳಲಿ. ಅದೇ ಮಹಾರಾಷ್ಟ್ರದ ಶಿರಡಿಯಲ್ಲಿ 2015ರ ಮೇ ತಿಂಗಳಲ್ಲಿ, ಮೊಬೈಲಿನಲ್ಲಿ ಅಂಬೇಡ್ಕರ್ ಹಾಡಿನ ರಿಂಗ್‌ಟೋನು ಕೇಳಿಸಿದ್ದಕ್ಕೆ ಜಗಳ ತೆಗೆದು ಒಬ್ಬ ದಲಿತ ವಿದ್ಯಾರ್ಥಿಯನ್ನು ಕೊಂದರೆಂದು ದೂರು ದಾಖಲಾಯಿತು. ಒಂದು ರಿಂಗ್‌ಟೋನಿಗೆ ಒಂದು ಜೀವ! ಇಂಥ ನಾಡಿನಲ್ಲಿ ನಮ್ಮ ಇತಿಹಾಸ ನಂಬರಿನ ವೇಷ ಹಾಕಿ ತೆರೆಗೆ ಬಂದರೆ ಅಚ್ಚರಿ ಏನು? ಮುಂಬಾಗಿಲು ತೆರೆದಿದ್ದರೆ ಹಿತ್ತಲಿಂದ ಯಾರು ಬರ್ತಿದ್ದರು?

ಇಷ್ಟು ಆಚೆಯವರಿಗೆ. ಇನ್ನು ನಮ್ಮವರಿಗೆ ಒಂದು ಮಾತು.

ನಂಬರು ಗುರುತು ಹಿಡಿದು ಶಿಳ್ಳೆ ಹೊಡೆದೆವು. ಸರಿ. ಆಮೇಲೆ? ಆ ಚಿತ್ರದ ಜಗಳ ಇರುವುದು ನಂಬರಿಗಾಗಿ ಅಲ್ಲ, ನೆಲಕ್ಕಾಗಿ. ಧಾರಾವಿಯ ಗುಡಿಸಲು ಕಿತ್ತು ಮಹಡಿ ಎಬ್ಬಿಸುತ್ತೇವೆ ಎಂದು ಬಿಳೀ ಬಟ್ಟೆ, ಬಿಳೀ ಮನೆಯ ಹರಿದಾದಾ ಬರ್ತಾನೆ. ನಾವಿರೋ ನೆಲ ನಮ್ಮದು ಅಂತ ಕರೀ ಬಟ್ಟೆಯ ಕಾಲಾ ನಿಲ್ತಾನೆ. ಇದು ಕಥೆ.

ಕಥೆಯ ಹೊರಗೆ ಏನಾಯಿತು ನೋಡಿ. ಜೀಪು ತಯಾರಿಸಿದ ಕಂಪನಿಯ ಯಜಮಾನರು ಆ ಗಾಡಿ ತಮ್ಮ ಮ್ಯೂಸಿಯಮ್ಮಿಗೆ ಬೇಕು ಅಂದರು, ಮುಂದೆ ಅದು ಅವರ ಕೈಸೇರಿತು. ಧಾರಾವಿಯೂ ಟೆಂಡರಿಗೆ ಬಂತು. 2022ರ ನವೆಂಬರಿನಲ್ಲಿ 5,069 ಕೋಟಿ ರೂಪಾಯಿ ಕೂಗಿದ ಅದಾನಿ ಗುಂಪು ಅದನ್ನು ಗೆದ್ದಿತು. ಯಾರಿಗೆ ಮನೆ, ಎಲ್ಲಿ ಮನೆ, ಯಾವ ಕಾಗದ ಇದ್ದವನಿಗೆ ಮನೆ ಅಂತ ಅಲ್ಲಿಯ ಜನ ಕೇಳಬೇಕಾಯಿತು. ತೊಗಲು ಹದ ಮಾಡುವವರು, ಮಡಕೆ ಮಾಡುವ ಕುಂಬಾರರು, ತಮಿಳುನಾಡಿನಿಂದ ವಲಸೆ ಬಂದ ದಲಿತರು ತಲೆಮಾರುಗಳಿಂದ ಕಟ್ಟಿದ ಊರು ಅದು.

ಗಾಡಿ ಧಣಿಗೆ, ನೆಲ ಧಣಿಗೆ, ನಂಬರು ಮಾತ್ರ ನಮಗೆ! ಈ ಪಾಲುಪಟ್ಟಿಗೆ ನಾವು ಒಪ್ಪಿ ಚಪ್ಪಾಳೆ ತಟ್ಟಬೇಕೇ?

ಬಾಬಾಸಾಹೇಬರು 1927ರಲ್ಲಿ ಮಹಾಡಕ್ಕೆ ಹೋದದ್ದು ಚವದಾರ್ ಕೆರೆಯ ಗುರುತು ಹಿಡಿಯಲಿಕ್ಕಲ್ಲ. ಕೆರೆಗಿಳಿದು ನೀರು ಕುಡಿಯಲಿಕ್ಕೆ. ಪರದೆಯ ಮೇಲಿನ ಸಂಕೇತ ನಮಗೆ ಕೆರೆಯ ದಾರಿ ತೋರಿಸುವ ಕೈಮರ, ಅಷ್ಟೇ. ಕೈಮರಕ್ಕೆ ಹಾರ ಹಾಕಿ ಅಲ್ಲೇ ಕೂತರೆ ಬಾಯಾರಿಕೆ ಹೋಗೋದಿಲ್ಲ.

ಆದ್ದರಿಂದ ಗೆಳೆಯರೇ, ಸಿನಿಮಾ ನೋಡಿ, ಮೂಲೆಮೂಲೆ ನೋಡಿ. ಗೋಡೆಯ ಪಟ, ಮೇಜಿನ ಪುಸ್ತಕ, ಗಾಡಿಯ ನಂಬರು ಬಿಡದೆ ಓದಿ. ಟಾಕೀಸಿನಿಂದ ಹೊರಬಂದ ಮೇಲೆ ಇನ್ನೊಂದು ನಂಬರು ಓದಿ. ನಿಮ್ಮ ಕೇರಿ ನಿಂತಿರುವ ನೆಲದ ಸರ್ವೆ ನಂಬರು. ಅದು ಯಾರ ಹೆಸರಲ್ಲಿದೆ?

ಜೈ ಭೀಮ್.